ಬಸ್ಸಿನಷ್ಟು ಉದ್ದದ ಸ್ಕೂಟರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಅವಳ ಕಸುಬು. ಹೊಸ ಮನೆಗೆ ಬಂದವರು, ಹಳೆಯ ಗೋಡೆಗೆ ಹೊಸ ಬಣ್ಣ ಬಳಿಸಿದವರು, ಎದುರು ಮನೆಯವರ ಕಣ್ಣಿನಿಂದ ತಪ್ಪಿಸಿಕೊಳ್ಳಬೇಕಾದವರು, ಎಲ್ಲರೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳು ಕೊರಳಿಗೆ ಟೇಪು ಹಾಕಿಕೊಂಡು ಅವರ ಮನೆಗೆ ಹೋಗಿ, ಸ್ಟೂಲು ಹತ್ತಿ ಅಳತೆ ತೆಗೆದು, ಇಳಿಯುವ ಮುನ್ನ ಒಂದು ಗಳಿಗೆ ಆ ಕಿಟಕಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿಂದ ಹೋಗುತ್ತದೆ, ಮನೆಯ ಹಿರಿಯರು ಮಧ್ಯಾಹ್ನ ಯಾವ ಕುರ್ಚಿಯಲ್ಲಿ ತೂಕಡಿಸುತ್ತಾರೆ, ಇಷ್ಟು ತಿಳಿಯದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ತನ್ನ ಮನೆಯ ಮುಂದಿನ ಕೋಣೆಯ ಕಿಟಕಿಗೆ ಮಾತ್ರ ಅವಳು ಪರದೆ ಹಾಕಿರಲಿಲ್ಲ. ಹೊಲಿಗೆ ಯಂತ್ರ ಇದ್ದದ್ದು ಅಲ್ಲೇ. ಬೀದಿ ಕಾಣದಿದ್ದರೆ ಅವಳಿಗೆ ಕೈಯೇ ಓಡುತ್ತಿರಲಿಲ್ಲ.

ವಯಸ್ಸು ಐವತ್ತು ದಾಟಿತ್ತು. ಆದರೆ ಹೊಸ ಹುಚ್ಚುಗಳಿಗೆ ಆ ವಿಷಯವನ್ನು ಯಾರೂ ತಿಳಿಸಿರಲಿಲ್ಲವೋ ಏನೋ, ಅವು ನೆಂಟರ ಹಾಗೆ ಹೇಳದೆ ಕೇಳದೆ ಬರುತ್ತಿದ್ದವು. ಮನೆಯ ಒಳ್ಳೆಯ ಕುರ್ಚಿಯಲ್ಲೇ ಕೂರುತ್ತಿದ್ದವು. ಒಂದು ದಿನ ಹೇಳದೆ ಕೇಳದೆ ಎದ್ದು ಹೋಗುತ್ತಿದ್ದವು. ಒಮ್ಮೆ ಬಚ್ಚಲಿನ ಮೂಲೆಯಲ್ಲಿ ಅಣಬೆ ಬೆಳೆಸಿದಳು. ಮನೆಯವರೆಲ್ಲ ಕತ್ತಲಲ್ಲಿ ಸ್ನಾನ ಮಾಡಬೇಕಾಯಿತು, ಅಣಬೆಗೆ ಬೆಳಕು ಆಗುವುದಿಲ್ಲವೆಂದು. ಆಮೇಲೆ ಮೌತ್ ಆರ್ಗನ್ ಬಂತು. ಅವಳು ಅರ್ಧ ಹಾಡು ಕಲಿತಳು, ಉಳಿದರ್ಧವನ್ನು ಪಕ್ಕದ ಮನೆಯ ನಾಯಿ ಪೂರ್ತಿ ಮಾಡುತ್ತಿತ್ತು. ಅದಾದ ಮೇಲೆ ಕಾಗದದ ಹಕ್ಕಿಗಳು. ಮಗಳ ಪುಸ್ತಕ, ಗಂಡನ ಟಿಫಿನ್ ಡಬ್ಬಿ, ಅತ್ತೆಯ ಕನ್ನಡಕದ ಪೆಟ್ಟಿಗೆ, ಎಲ್ಲಿ ತೆಗೆದರೂ ಒಂದು ಹಕ್ಕಿ ಕೊಕ್ಕು ಚಾಚಿ ಕೂತಿರುತ್ತಿತ್ತು.

"ಈಗ ಏನೇ ಹಿಡ್ಕೊಂಡಿದೆ ನಿನಗೆ?" ಎಂದು ಅತ್ತೆ ಕೇಳುತ್ತಿದ್ದರು, ಜ್ವರ ಬಂದವರನ್ನು ವಿಚಾರಿಸುವ ಹಾಗೆ.

ಗಂಡ ಮಾತ್ರ ಯಾವುದಕ್ಕೂ ಬೇಡ ಎಂದವನಲ್ಲ. ಅವನು ಊರ ಬಸ್ಸಿನ ಡ್ರೈವರು. "ಬಿಡಮ್ಮ. ಅವಳ ಕೈ ಖಾಲಿ ಬಿಟ್ರೆ ನನ್ನ ಪ್ಯಾಂಟಿಗೂ ಝಾಲರಿ ಇಡ್ತಾಳೆ" ಎಂದು ತಾಯಿಯ ಬಾಯಿ ಮುಚ್ಚಿಸುತ್ತಿದ್ದ.

ಈ ಸಲದ ಹುಚ್ಚು ಬಂದದ್ದು ನಾದಿನಿಯ ಕೈಯಿಂದ. ಅವಳು ಹೊಸ ಸ್ಕೂಟರು ತೆಗೆದುಕೊಂಡವಳು ಹಳೆಯದನ್ನು ತಂದು ಇವರ ಅಂಗಳದಲ್ಲಿ ನಿಲ್ಲಿಸಿದಳು. "ಅತ್ತಿಗೆ, ಇದು ನಿಮಗೆ. ಆ ಬಟ್ಟೆ ಸುರುಳಿ ಹೊತ್ಕೊಂಡು ಬಸ್ಸಲ್ಲಿ ಒದ್ದಾಡೋದು ಸಾಕು" ಎಂದು ಕೀಲಿಕೈ ಕೊಟ್ಟು ಹೋದಳು. ಬದನೆಕಾಯಿ ಬಣ್ಣದ ಸ್ಕೂಟರು. ಒಂದು ಕನ್ನಡಿ ಆಕಾಶ ನೋಡುತ್ತಿತ್ತು, ಇನ್ನೊಂದು ನೆಲ ನೋಡುತ್ತಿತ್ತು.

ಬಸ್ಸಿನ ಒದ್ದಾಟ ನಿಜವೇ ಆಗಿತ್ತು. ಪರದೆಯ ಸುರುಳಿ ಎಂದರೆ ಆಳಿಗಿಂತ ಎತ್ತರದ ವಸ್ತು. ನಿಲ್ಲಿಸಿ ಹಿಡಿದರೆ ಛಾವಣಿಗೆ ತಾಗುತ್ತಿತ್ತು, ಓರೆ ಹಿಡಿದರೆ ಯಾರ ಕತ್ತಿಗಾದರೂ ಕಚಗುಳಿ ಇಡುತ್ತಿತ್ತು. ಒಮ್ಮೆ ಗಂಡಸೊಬ್ಬ ಬಹಳ ಹೊತ್ತು ಸಹಿಸಿಕೊಂಡು, ಕೊನೆಗೆ ಮರ್ಯಾದೆಯಿಂದಲೇ, "ಅಕ್ಕ, ನಿಮ್ಮ ಪರದೆ ನನ್ನ ಕಿವಿಯೊಳಗಿದೆ" ಎಂದಿದ್ದ. ಬಸ್ಸೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ಆದರೆ ಇಳಿದು ನಡೆಯುವಾಗ, ಇಷ್ಟು ವಯಸ್ಸಾದರೂ ತಾನು ಹೋಗಬೇಕಾದಲ್ಲಿಗೆ ತಾನೇ ಹೋಗಲಾರೆನಲ್ಲ ಎಂದು ಒಂದು ಸಣ್ಣ ಮುಳ್ಳು ಎಲ್ಲೋ ಚುಚ್ಚಿತ್ತು.

ಆದ್ದರಿಂದ ಇದು ಅಣಬೆಯಂತಲ್ಲ, ಹಕ್ಕಿಯಂತಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ರಾತ್ರಿಯ ಊಟದಲ್ಲಿ ಅವಳು ಚಮಚ ಕೆಳಗಿಟ್ಟು, "ನಾನು ಲೈಸೆನ್ಸ್ ತಗೋತೀನಿ" ಎಂದಳು.

ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವ ಮಗಳು, "ಎಷ್ಟು ದಿನದ್ದಮ್ಮ ಇದು? ಅಣಬೆಗಿಂತ ಜಾಸ್ತೀನಾ?" ಎಂದಳು.

"ನಗು, ನಗು. ನಿನ್ನನ್ನೇ ಹಿಂದೆ ಕೂರಿಸ್ಕೊಂಡು ಹೋಗಿ ಅಂಗಡಿ ಮುಂದೆ ಇಳಿಸ್ತೀನಿ."

"ಕಲಿಸೋದು ನಾನು" ಎಂದ ಗಂಡ. ಎದೆ ಸ್ವಲ್ಪ ಮುಂದೆ ಬಂದಿತ್ತು. "ಊರಲ್ಲಿರೋ ದೊಡ್ಡ ಗಾಡಿನೇ ನನ್ನ ಮಾತು ಕೇಳುತ್ತೆ. ಇದೇನು ಮಹಾ."

ಅವನು ಹಾಗೆ ಹೇಳಿದ್ದರಲ್ಲಿ ಜಂಬ ಇತ್ತು, ಸುಳ್ಳಿರಲಿಲ್ಲ. ಡಿಪೋದಲ್ಲಿ ಅವನಿಗೆ ತಿರುವಿನ ದೊರೆ ಎಂದು ಹೆಸರು. ತರಕಾರಿ ಮಾರುಕಟ್ಟೆಯ ಪಕ್ಕದ ಇಕ್ಕಟ್ಟಿನ ಮೂಲೆಯಲ್ಲಿ ಉಳಿದ ಡ್ರೈವರುಗಳು ಹಿಂದೆ ಮುಂದೆ ಮಾಡಿ ಬೆವರುವಾಗ ಇವನು ಒಂದೇ ಬಾರಿಗೆ ಬಸ್ಸನ್ನು ಹೂವಿನ ಎಸಳಿನ ಹಾಗೆ ತಿರುಗಿಸಿಕೊಂಡು ಹೋಗುತ್ತಿದ್ದ. ಒಳಗೆ ನಿಂತವರ ಕೈಯ ಚಹಾ ಕೂಡ ಅಲುಗುತ್ತಿರಲಿಲ್ಲ. ಅದು ಅವನ ಬದುಕಿನ ಒಂದೇ ಅಹಂಕಾರ. ಅಲ್ಲಿ ಮಾತ್ರ ಯಾರೂ ಬೆರಳಿಡುವಂತಿರಲಿಲ್ಲ. ಹಿಂದೊಮ್ಮೆ ಹೊಸದಾಗಿ ಬಂದ ಕಂಡಕ್ಟರು ಬಾಯಿತಪ್ಪಿ, "ಅಣ್ಣ, ಇವತ್ತು ಬ್ರೇಕು ಸ್ವಲ್ಪ ಜೋರಾಯ್ತು" ಎಂದುಬಿಟ್ಟಿದ್ದ. ಅದಾದ ಮೇಲೆ ವಾರವಿಡೀ ಅವನು ಮನೆಯಲ್ಲಿ ಉಪ್ಪನ್ನು ಕೂಡ ಕೈಸನ್ನೆ ಮಾಡಿ ಕೇಳಿದ್ದ.

ಪಾಠ ಶುರುವಾದದ್ದು ಡಿಪೋ ಹಿಂದಿನ ಬಯಲಿನಲ್ಲಿ, ಅವನ ರಜೆಯ ದಿನ. ಅವನು ನಡುವೆ ನಿಂತುಕೊಂಡು, ಕೈ ಹಿಂದೆ ಕಟ್ಟಿ, ಹೇಳುತ್ತಾ ಹೋದ. ಸ್ಕೂಟರಿನ ಮೇಲೆ ಕೂತು ತೋರಿಸುವ ಮಾತೇ ಬರಲಿಲ್ಲ. ಡಿಪೋಗೆ ಸೈಕಲ್ಲಿನಲ್ಲಿ ಹೋಗಿ ಅಲ್ಲಿಂದ ನೇರ ಬಸ್ಸಿನ ಎತ್ತರದ ಸೀಟು ಹತ್ತುತ್ತಿದ್ದ ಮನುಷ್ಯ ಅವನು. ಸ್ಕೂಟರಿಗೂ ಅವನಿಗೂ ಈವರೆಗೆ ಪರಿಚಯವೇ ಆಗಿರಲಿಲ್ಲ.

"ತಿರುವು ಬಂತು ಅಂದ ಕೂಡ್ಲೇ ತಿರುಗಿಸೋದಲ್ಲ. ಮೊದಲು ಮೂತಿ ಪೂರ್ತಿ ಆಚೆಗೆ ಹೋಗ್ಬೇಕು. ಆಮೇಲೆ ನಿಧಾನಕ್ಕೆ ಎಳ್ಕೊಂಡು ಬರೋದು. ಇಲ್ಲಾಂದ್ರೆ ಹಿಂದಿನ ಚಕ್ರ ಕಟ್ಟೆ ಹತ್ತುತ್ತೆ."

"ಹತ್ತುತ್ತಾ?"

"ಹತ್ತದೆ ಏನು? ಹಿಂದೆ ಎಷ್ಟು ಉದ್ದ ಬರ್ತಿದೆ ಅನ್ನೋದು ಯಾವಾಗ್ಲೂ ತಲೇಲಿರ್ಬೇಕು. ಮತ್ತೆ ಬ್ರೇಕು ಹಾಕಿದ್ದು ಯಾರಿಗೂ ಗೊತ್ತಾಗ್ಬಾರ್ದು. ನಿಂತಿರೋರು ಬೀಳ್ತಾರೆ."

"ಯಾರು ರೀ ನಿಂತಿರ್ತಾರೆ?"

"ಮಾತಿಗೆ ಹೇಳಿದ್ದು. ನೀನು ಮುಂದೆ ನೋಡು."

ಅವಳು ಮುಂದೆ ನೋಡಿದಳು. ಒಳ್ಳೆಯ ಶಿಷ್ಯೆ. ಹೊರಡುವ ಮುನ್ನ ಎಡಗಡೆಯ ಕನ್ನಡಿಯಲ್ಲಿ ಬಹಳ ಹೊತ್ತು ನೋಡುವಳು, ಹತ್ತುವವರೆಲ್ಲ ಹತ್ತಿದರೇ ಎಂಬಂತೆ. ಉಬ್ಬು ಬಂದರೆ ತಿಣುಕುತ್ತಾ ಏರಿ, ತಿಣುಕುತ್ತಾ ಇಳಿದು, ಹಿಂದಿನದೂ ಇಳಿಯಲಿ ಎಂದು ಇನ್ನಷ್ಟು ತಡೆದು, ಆಮೇಲೆ ವೇಗ ಕೊಡುವಳು. ಬಲಕ್ಕೆ ತಿರುಗಬೇಕಾದರೆ ಮೊದಲು ಎಡಕ್ಕೆ ಹೋಗಿ ಬಯಲಿನ ಅಂಚಿನ ಬೇಲಿಗೆ ಕುಶಲ ಕೇಳಿ ಬರುವಳು. ಗಂಡ ನಡುವೆ ನಿಂತು ತಲೆದೂಗುವನು. "ಭೇಷ್! ಚಕ್ರ ಎಲ್ಲೂ ತಾಗಲಿಲ್ಲ ನೋಡು."

ಒಂದು ಸಂಜೆ ಮಗಳು ಕೆಲಸ ಮುಗಿಸಿ ಬರುವಾಗ ಅಮ್ಮ ಬೀದಿಯ ಕೊನೆಯಲ್ಲಿ ತಿರುಗುವುದನ್ನು ನೋಡಿದಳು. ಇಡೀ ರಸ್ತೆಯನ್ನು ಬಳಸಿಕೊಂಡು, ಹಡಗು ದಡ ಬಿಡುವ ಗಾಂಭೀರ್ಯದಿಂದ, ಬದನೆಕಾಯಿ ಬಣ್ಣದ ಸ್ಕೂಟರು ಬರುತ್ತಿತ್ತು.

"ಅಮ್ಮಾ, ಹಿಂದೆ ಸೀಟು ಖಾಲಿ ಇದ್ಯಾ? ನಾನೂ ಹತ್ಲಾ?"

"ಹಲ್ಲು ಕಿರೀಬೇಡ. ಅಪ್ಪ ಕಲಿಸಿದ್ದು, ಅಚ್ಚುಕಟ್ಟು" ಎಂದಳು ಪರದೆಯಕ್ಕ. ಮಗಳ ತಮಾಷೆಯ ತಲೆಬಾಲ ಅವಳಿಗೆ ತಿಳಿಯಲಿಲ್ಲ. ಸ್ಕೂಟರು ತಿರುಗಿಸುವುದೆಂದರೆ ಹೀಗೇ ಎಂದು ಅವಳು ನಂಬಿದ್ದಳು.

ಪರೀಕ್ಷೆಯ ದಿನ ಅವಳು ಬೆಳಿಗ್ಗೆ ಬೇಗ ಎದ್ದು ಸ್ಕೂಟರಿನ ಮೈ ಒರೆಸಿದಳು. ಗಂಡನಿಗೆ ಡ್ಯೂಟಿ ಇತ್ತು, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಮೈದಾನದಲ್ಲಿ ಬಿಳಿ ಬಣ್ಣದಲ್ಲಿ ಎಂಟು ಬರೆದಿತ್ತು, ಎರಡು ಬಳೆಗಳನ್ನು ತಾಗಿಸಿ ಇಟ್ಟ ಹಾಗೆ. ಗೆರೆ ಬಿಟ್ಟು ಹೋಗದೆ, ಕಾಲು ನೆಲಕ್ಕೆ ಊರದೆ ಅದರ ಮೇಲೆ ಸುತ್ತಬೇಕು. ಸಾಲಿನಲ್ಲಿದ್ದವರೆಲ್ಲ ಮಗಳಿಗಿಂತ ಚಿಕ್ಕವರು. ಪರೀಕ್ಷೆ ಮಾಡುವ ಸಾಹೇಬರು ಛತ್ರಿಯ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದರು. ಒಬ್ಬೊಬ್ಬರಾಗಿ ಹೋದರು, ಬಂದರು. ಅವಳು ಅವರ ಕಡೆ ನೋಡದೆ ಗಂಡನ ಪಾಠವನ್ನೇ ಮನಸ್ಸಿನಲ್ಲಿ ಒಪ್ಪಿಸಿಕೊಳ್ಳುತ್ತಿದ್ದಳು. ಅವಳ ಸರದಿ ಬಂತು.

ಅವಳು ಎಡಗನ್ನಡಿ ನೋಡಿದಳು. ಬಲಗನ್ನಡಿ ನೋಡಿದಳು. ಹೊರಟಳು. ಮೊದಲ ಬಳೆಯ ಬಾಗು ಬಂದಾಗ, ಕಲಿತದ್ದನ್ನು ಒಂದಿಷ್ಟೂ ಮರೆಯದೆ, ಮೂತಿಯನ್ನು ಪೂರ್ತಿ ಆಚೆಗೆ ಒಯ್ದಳು. ಗೆರೆ ದಾಟಿತು. ಸಾಲಿನಲ್ಲಿದ್ದವರು ಹಿಂದೆ ಸರಿದರು. ಸ್ಕೂಟರು ಸಾಹೇಬರ ಕುರ್ಚಿಯನ್ನೂ ಛತ್ರಿಯನ್ನೂ ಒಳಗೆ ಹಾಕಿಕೊಂಡು ದೊಡ್ಡದೊಂದು ಸುತ್ತು ಬಂದು, ಬಹಳ ಮೆದುವಾಗಿ, ಯಾರಿಗೂ ಗೊತ್ತಾಗದಂತೆ ನಿಂತಿತು.

ಸಾಹೇಬರು ಕುರ್ಚಿಯಿಂದ ಎದ್ದಿದ್ದರು. "ಇನ್ನೊಂದ್ಸಲ ಮಾಡಿ ತೋರಿಸಿ ಅಮ್ಮ. ನನ್ನನ್ನ ಬಿಟ್ಟು."

ಇನ್ನೊಂದು ಸಲವೂ ಅದೇ ಸುತ್ತು.

"ನಿಮ್ಮ ಗಾಡಿ ಎಷ್ಟು ಉದ್ದ ಇದೆ ಅಂದ್ಕೊಂಡಿದೀರಿ ನೀವು?"

ಅವಳು ಎಡಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದಳು.

"ಕಲಿಸಿದ್ದು ಯಾರು?"

"ನಮ್ಮ ಮನೆಯವ್ರು."

"ಏನ್ ಮಾಡ್ಕೊಂಡಿದಾರೆ?"

"ಬಸ್ ಡ್ರೈವರು, ಸಾರ್."

ಸಾಲಿಗೆ ಸಾಲೇ ನಕ್ಕಿತು. ಸಾಹೇಬರೂ ನಕ್ಕು, ಕಣ್ಣು ಒರೆಸಿಕೊಂಡು, "ಬಸ್ಸಿಗಾದ್ರೆ ಈಗಲೇ ಲೈಸೆನ್ಸ್ ಕೊಡ್ತಿದ್ದೆ. ಸ್ಕೂಟರಿಗೆ ಮುಂದಿನ ಸಲ ಬನ್ನಿ" ಎಂದರು.

ಅವಳು ಸ್ಕೂಟರನ್ನು ತಳ್ಳಿಕೊಂಡು ಗೇಟಿನ ಹೊರಗೆ ಬಂದು, ಗೋಡೆಗೆ ಒರಗಿಸಿ, ಮೊದಲ ಸಲ ಅದನ್ನು ಹಿಂದಿನಿಂದ ನೋಡಿದಳು. ಸೀಟು, ಸೀಟಿನ ಹಿಂದೆ ಒಂದು ಕೆಂಪು ದೀಪ. ಅದರ ಹಿಂದೆ ಬರೀ ಗಾಳಿ. ಇಷ್ಟು ದಿನ ತಾನು ಬೀದಿ ಬೀದಿಯಲ್ಲಿ ಎಳೆದುಕೊಂಡು ತಿರುಗಿದ್ದು ಏನನ್ನು? ನಿಂತಿದ್ದಲ್ಲೇ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಇಳಿಯುತ್ತಿದ್ದ ಹಾಗೆ ಗಂಡನ ಹೆಬ್ಬೆರಳು ನೆನಪಾಯಿತು. ಇದನ್ನು ಅವನಿಗೆ ಹೇಳುವುದು ಹೇಗೆ? ನೀವು ತಪ್ಪು ಕಲಿಸಿದಿರಿ, ಅದೂ ತಿರುವನ್ನು, ಎಂದು ತಿರುವಿನ ದೊರೆಗೆ ಯಾವ ಬಾಯಲ್ಲಿ ಹೇಳುವುದು?

ಸಂಜೆ ಅವನು ಬಾಗಿಲಲ್ಲೇ ಕೇಳಿದ. "ಏನಾಯ್ತು?"

"ಸ್ವಲ್ಪ ಗಾಬರಿ ಆಯ್ತು ರೀ. ಮುಂದಿನ ಸಲ ಬನ್ನಿ ಅಂದ್ರು."

"ನನಗೆ ಗೊತ್ತಿತ್ತು. ಅಲ್ಲಿ ಹೋಗಿ ಗಡಿಬಿಡೀಲಿ ತಿರುವು ಕಿರಿದು ಮಾಡಿರ್ತೀಯ. ನಾಳೆಯಿಂದ ಇನ್ನೂ ಅಗಲ ತಿರುಗೋದು ಅಭ್ಯಾಸ ಮಾಡ್ಸ್ತೀನಿ."

ಮುಂದಿನ ದಿನಗಳಲ್ಲಿ ಆ ಬಯಲೇ ಸಾಲದಂತಾಯಿತು. ಅವನು ಪ್ರೀತಿಯಿಂದ, ತಾಳ್ಮೆಯಿಂದ, ದಣಿದು ಬಂದ ಮೈಯನ್ನೂ ಲೆಕ್ಕಿಸದೆ ಕಲಿಸುತ್ತಿದ್ದ. ಆ ಪ್ರೀತಿಯೇ ಅವಳಿಗೆ ನುಂಗಲಾರದ ತುತ್ತಾಯಿತು. ಅವಳು ದಿನದಿಂದ ದಿನಕ್ಕೆ ಲೈಸೆನ್ಸಿನಿಂದ ದೂರ ದೂರ ಸುತ್ತುತ್ತಿದ್ದಳು. ಯಂತ್ರದ ಮುಂದೆ ಕೂತರೆ ದಾರ ತುಂಡಾಗುತ್ತಿತ್ತು. ಯಾರದೋ ಮಲಗುವ ಕೋಣೆಯ ಪರದೆ ಒಂದು ಗೇಣು ಗಿಡ್ಡವಾಯಿತು. ಬೀದಿಯಲ್ಲಿ ಯಾವ ಹುಡುಗಿ ಸ್ಕೂಟರನ್ನು ಸರಕ್ಕನೆ ತಿರುಗಿಸಿಕೊಂಡು ಹೋದರೂ ಅವಳಿಗೆ ಸಿಟ್ಟು ಬರುತ್ತಿತ್ತು.

ಅತ್ತೆಯ ಕಣ್ಣು ಸೂಜಿಗೆ ದಾರ ಪೋಣಿಸಲು ಸಾಲದಿದ್ದರೂ ಸೊಸೆಯ ಮುಖ ಓದಲು ಸಾಕಿತ್ತು. ಬಟಾಣಿ ಸುಲಿಯುತ್ತಾ, "ಏನೇ ಅದು? ಗಂಟಲಲ್ಲಿ ಏನು ಸಿಕ್ಕಿಸ್ಕೊಂಡು ಓಡಾಡ್ತಿದೀಯ? ಉಗಿ" ಎಂದರು.

ಅವಳು ಎಲ್ಲ ಹೇಳಿದಳು. ಛತ್ರಿಯ ಸುತ್ತ ಬಂದದ್ದನ್ನು ಹೇಳುವಾಗ ಅತ್ತೆ ನಕ್ಕ ರಭಸಕ್ಕೆ ಬಟಾಣಿಯೆಲ್ಲ ನೆಲದ ಪಾಲಾಯಿತು.

"ನಗ್ಬೇಡಿ ಅತ್ತೆ. ನಾನು ಹೇಳಿದ್ರೆ ಅವರು ಮತ್ತೆ ಉಪ್ಪಿಗೂ ಕೈಸನ್ನೆ ಮಾಡ್ತಾರೆ. ಹೇಳದಿದ್ರೆ ನನಗೆ ಈ ಜನ್ಮದಲ್ಲಿ ಲೈಸೆನ್ಸ್ ಸಿಗಲ್ಲ."

"ಹೇಳ್ಬೇಡ. ಅವನನ್ನ ಹೆತ್ತಿರೋದು ನಾನು. ಅವನಿಗೆ ಹೇಳಿದ್ರೆ ಕಿವಿ ಕೆಂಪಾಗುತ್ತೆ, ತಲೆಗೆ ಹೋಗಲ್ಲ. ಅವನನ್ನ ಅದರ ಮೇಲೆ ಹತ್ತಿಸ್ಬೇಕು."

ಮುಂದಿನ ರಜೆಯ ದಿನ ಅತ್ತೆಯೂ ಬಯಲಿಗೆ ಹೊರಟರು, ಬಿಸಿಲು ಕಾಯಿಸಿಕೊಳ್ಳುವ ನೆಪದಲ್ಲಿ. ಮಗಳು ಅಜ್ಜಿಯ ಕುರ್ಚಿ ಹೊತ್ತು ತಂದು ಬೇಲಿಯ ಬಳಿ ಹಾಕಿದಳು. ಸ್ವಲ್ಪ ಹೊತ್ತು ನೋಡಿದ ಮೇಲೆ ಅತ್ತೆ ಕೂಗಿದರು. "ಏನೋ, ಹೆಂಡತಿಗೆ ಇಷ್ಟು ಹೇಳ್ತೀಯ, ಹೆತ್ತ ತಾಯಿನ ಕೂರಿಸ್ಕೊಂಡು ಒಂದು ಸುತ್ತು ಹಾಕ್ಸೋ."

"ನಾನಾ? ಇದರಲ್ಲಾ?"

"ಯಾಕೆ, ಬರಲ್ವಾ?"

ಆ ಮಾತಿಗೆ ಯಾವ ಬಸ್ ಡ್ರೈವರು ತಾನೇ ಸುಮ್ಮನಿದ್ದಾನು? "ಒಬ್ಬನೇ ಒಂದ್ಸಲ ನೋಡಿ ಬರ್ತೀನಿ ಇರು" ಎಂದು ಅವನು ಹೆಂಡತಿಯ ಕೈಯಿಂದ ಸ್ಕೂಟರು ತೆಗೆದುಕೊಂಡ. ದೊಡ್ಡ ಮೈ, ಸಣ್ಣ ಸೀಟು. ಮೊಣಕಾಲುಗಳು ಹಿಡಿಕೆಗೆ ಬಡಿಯುತ್ತಿದ್ದವು. ಬಲಗಾಲು ತನ್ನಷ್ಟಕ್ಕೆ ತಾನೇ ಬ್ರೇಕಿನ ಪೆಡಲನ್ನು ಹುಡುಕಿ ಗಾಳಿಯನ್ನು ತುಳಿಯಿತು. ಆದರೂ ನೇರಕ್ಕೆ ಚೆನ್ನಾಗಿಯೇ ಹೋದ. ಬಯಲಿನ ತುದಿಯಲ್ಲಿ ಮೂತಿಯನ್ನು ಆಚೆಗೆ ಒಯ್ದ, ಇನ್ನೂ ಆಚೆಗೆ ಒಯ್ದ, ಎಳೆದುಕೊಂಡು ಬರುವಷ್ಟರಲ್ಲಿ ಬಯಲು ಮುಗಿದಿತ್ತು. ಬೇಲಿಯ ಗಿಡಗಳು ಅವನನ್ನು ಎದೆಗಪ್ಪಿಕೊಂಡವು.

"ನೆಲ ಸರಿಯಿಲ್ಲ" ಎಂದು ತಲೆಯಿಂದ ಎಲೆ ತೆಗೆಯುತ್ತಾ ಹೊರಬಂದ.

ಎರಡನೆಯ ಸಲ ಬೇಲಿಯ ಇನ್ನೊಂದು ಬದಿ. ಮೂರನೆಯ ಸಲ ಬೇಲಿಗೆ ಮುಟ್ಟುವ ಮೊದಲೇ ನಿಲ್ಲಿಸಿಬಿಟ್ಟ. ಎಂಜಿನ್ ಓಡುತ್ತಲೇ ಇತ್ತು. ಅವನು ನಿಧಾನವಾಗಿ ಕತ್ತು ತಿರುಗಿಸಿ ಹಿಂದೆ ನೋಡಿದ. ಸೀಟು, ಕೆಂಪು ದೀಪ, ಗಾಳಿ. ಬಹಳ ಹೊತ್ತು ನೋಡಿದ.

ಪರದೆಯಕ್ಕ ಹತ್ತಿರ ಹೋಗಿ ನಿಂತಳು.

"ಇದರ ಹಿಂದೆ ಏನೂ ಇಲ್ಲ ಕಣೇ" ಎಂದ ಅವನು.

"ಹೌದು ರೀ."

"ನಾನು ನಿನಗೆ ಬಸ್ಸು ಕಲಿಸಿದೀನಿ."

ಅವನ ಕಿವಿಗಳು ಕೆಂಪಾಗುವುದು ಕಂಡಿತು. "ಅವತ್ತು ಫೇಲಾಗಿದ್ದು ಇದಕ್ಕೇನಾ? ನೀನು ಗೊತ್ತಿದ್ದೂ ಸುಮ್ಮನಿದ್ಯಾ?"

"ಹೂಂ."

ಅವನು ಎಂಜಿನ್ ಆರಿಸಿ, ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು, ಬಯಲು ದಾಟಿ ಮನೆಯ ಕಡೆ ನಡೆದುಬಿಟ್ಟ. ಅತ್ತೆ ನಗಲು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡರು. ಆ ರಾತ್ರಿ ಊಟದಲ್ಲಿ ಅವನು ಉಪ್ಪು ಕೇಳಲೇ ಇಲ್ಲ, ಸಪ್ಪೆಯನ್ನೇ ತಿಂದ. ಕೈಸನ್ನೆಗಿಂತ ಅದರಿಂದ ಅವಳಿಗೆ ಹೆಚ್ಚು ನೋವಾಯಿತು. ಮಲಗುವಾಗ, ಬೇಡವೇ ಬೇಡ, ನಾಳೆ ನಾದಿನಿಗೆ ಹೇಳಿ ಸ್ಕೂಟರು ವಾಪಸ್ಸು ಕಳಿಸೋಣ ಎಂದುಕೊಂಡಳು. ಅಣಬೆ ಹೋಗಲಿಲ್ಲವೇ, ಇದೂ ಹೋಗಲಿ. ಆದರೆ ಹಾಗೆಂದುಕೊಂಡ ಕೂಡಲೇ ಕಣ್ಣಲ್ಲಿ ನೀರು ಬಂತು. ಅಣಬೆಗೆ ಅವಳು ಅತ್ತಿರಲಿಲ್ಲ.

ಮಾರನೆಯ ಸಂಜೆ ಡ್ಯೂಟಿ ಮುಗಿಸಿ ಬಂದವನು ಸಮವಸ್ತ್ರ ಕೂಡ ಬಿಚ್ಚದೆ ಯಂತ್ರದ ಬಳಿ ಬಂದು ನಿಂತ. "ನಿನ್ನ ಟೇಪು ಕೊಡು. ಆ ಬಟ್ಟೆ ಮೇಲೆ ಗೆರೆ ಎಳೆಯೋ ಸೀಮೆಸುಣ್ಣಾನೂ."

"ಯಾಕೆ ರೀ?"

"ಆ ಮೈದಾನದ ಎಂಟಿನ ಅಳತೆ ಕೇಳ್ಕೊಂಡು ಬಂದಿದೀನಿ. ಡಿಪೋ ಅಂಗಳದಲ್ಲಿ ಸಿಮೆಂಟ್ ನೆಲ ಇದೆಯಲ್ಲ, ಅಲ್ಲಿ ಬರೆಯೋಣ. ಬರೆಯೋದು ನೀನೇ, ನನ್ನ ಗೆರೆ ಸೊಟ್ಟ."

"ಡಿಪೋದಲ್ಲಾ? ಎಲ್ಲರೂ ನೋಡ್ತಾರೆ."

"ನೋಡ್ಲಿ. ನಾನೂ ಕಲೀಬೇಕಲ್ಲ."

ಅವಳು ಅವನ ಮುಖ ನೋಡಿದಳು. ನಿನ್ನೆಯ ಬೇಲಿ ಕೆನ್ನೆಯ ಮೇಲೆ ಒಂದು ಗೀರು ಬಿಟ್ಟಿತ್ತು. ಅವನು ನಾಚಿಕೊಂಡ ಹುಡುಗನಂತೆ ಎಲ್ಲೋ ನೋಡುತ್ತಿದ್ದ. ಅವಳಿಗೆ ಮದುವೆಯಾದ ಹೊಸತು ನೆನಪಾಯಿತು, ಯಾಕೆಂದು ಹೇಳಲಾಗದು. ಟೇಪನ್ನು ಕೊರಳಿಂದ ತೆಗೆದು ಅವನ ಕೊರಳಿಗೆ ಹಾಕಿ ಎದ್ದಳು.

ಅಲ್ಲಿಂದ ಮುಂದೆ ಡಿಪೋ ಅಂಗಳದಲ್ಲಿ ದಿನಾ ಸಂಜೆ ಒಂದು ಆಟವೇ ನಡೆಯಿತು. ಸಾಲಾಗಿ ನಿಂತ ಬಸ್ಸುಗಳ ನೆರಳಿನಲ್ಲಿ ಗಂಡಹೆಂಡಿರಿಬ್ಬರು ಒಂದು ಸ್ಕೂಟರಿಗೆ ಸರದಿ ನಿಲ್ಲುತ್ತಿದ್ದರು. ಅವಳು ಬೇಗ ಹಿಡಿದುಕೊಂಡಳು. ಬಸ್ಸನ್ನು ಅವಳು ಕೆಲವು ವಾರ ಮಾತ್ರ ತಲೆಯಲ್ಲಿ ಹೊತ್ತಿದ್ದಳು, ಇಳಿಸುವುದು ಕಷ್ಟವಾಗಲಿಲ್ಲ. ಅವನು ಅರ್ಧ ಜೀವಮಾನ ಹೊತ್ತಿದ್ದ. ಮೊದಲ ಬಳೆ ಸರಿಯಾಗಿ ಬರುತ್ತಿತ್ತು, ಎರಡನೆಯದರಲ್ಲಿ ತೋಳುಗಳು ತಮ್ಮ ಹಳೆಯ ಕೆಲಸ ನೆನಪು ಮಾಡಿಕೊಳ್ಳುತ್ತಿದ್ದವು.

"ದೊರೆಗಳೇ, ಹಿಂದೆ ನೋಡ್ಕೊಳ್ಳಿ, ಹಿಂದಿನ ಬಾಗಿಲು ತೆಗೆದಿದೆ!" ಎಂದು ಮೆಕ್ಯಾನಿಕ್ಕುಗಳು ಕೂಗುತ್ತಿದ್ದರು.

"ಟಿಕೆಟ್ ತಗೊಂಡೋರು ಮಾತ್ರ ಮಾತಾಡ್ರಿ" ಎಂದು ಅವನೂ ತಿರುಗಿ ಕೂಗುತ್ತಿದ್ದ. ಪರದೆಯಕ್ಕ ಅದನ್ನು ಕೇಳಿ ಬೆರಗಾಗುತ್ತಿದ್ದಳು. ಒಂದು ಬ್ರೇಕಿನ ಮಾತಿಗೆ ವಾರ ಮುನಿಸಿಕೊಂಡವನು ಇವನೇ ಏನು? ಒಮ್ಮೆ ಕೇಳಿಯೂಬಿಟ್ಟಳು.

"ಬಸ್ಸಲ್ಲಿ ನಾನು ಎಲ್ಲ ಗೊತ್ತಿರೋನು" ಎಂದ ಅವನು, ಸ್ವಲ್ಪ ಯೋಚಿಸಿ. "ಗೊತ್ತಿರೋದರಲ್ಲಿ ಯಾರಾದ್ರೂ ತಪ್ಪು ಹಿಡಿದ್ರೆ ಉರಿಯುತ್ತೆ. ಇದರಲ್ಲಿ ಏನೂ ಗೊತ್ತಿಲ್ಲವಲ್ಲ, ಹಾಯಾಗಿದೆ. ನಿನಗೆ ಹೊಸ ಹೊಸ ಹುಚ್ಚು ಯಾಕೆ ಹಿಡಿಯುತ್ತೆ ಅಂತ ಈಗ ಗೊತ್ತಾಯ್ತು ನೋಡು."

ಮುಂದಿನ ಪರೀಕ್ಷೆಗೆ ಇಬ್ಬರೂ ಹೆಸರು ಕೊಟ್ಟರು. ಸಾಹೇಬರು ಅವಳನ್ನು ಕಂಡ ಕೂಡಲೇ ಕುರ್ಚಿಯನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹಾಕಿಕೊಂಡರು. ಅವಳು ಹೊರಟಳು. ಮೊದಲ ಬಳೆ ಸುತ್ತಿದಳು. ಎರಡನೆಯದು ಸುತ್ತಿದಳು. ಕತ್ತರಿ ಬಟ್ಟೆಯ ಮೇಲೆ ಗೆರೆ ಹಿಡಿದು ಹೋಗುವ ಹಾಗೆ ಚಕ್ರ ಬಿಳಿ ಗೆರೆಯ ಮೇಲೆ ಹೋಗಿ, ಹೊರಟಲ್ಲಿಗೇ ಬಂದು ನಿಂತಿತು. ಸಾಲಿನವರು ಚಪ್ಪಾಳೆ ತಟ್ಟಿದರು. ಅವಳಿಗೆ ಯಾವುದೂ ಕೇಳಿಸಲಿಲ್ಲ. ಗಂಡನನ್ನು ಹುಡುಕಿದಳು. ಅವನು ಎರಡೂ ಹೆಬ್ಬೆರಳು ಎತ್ತಿಕೊಂಡು ನಿಂತಿದ್ದ.

ಆಮೇಲೆ ಅವನ ಸರದಿ. ಮೊದಲ ಬಳೆ ಚೆನ್ನಾಗಿ ಬಂತು. ಎರಡನೆಯದಕ್ಕೆ ಹೊರಳುವಾಗ ಸಾಲಿನಲ್ಲಿದ್ದ ಯಾರೋ ಕಾಲೇಜು ಹುಡುಗಿ, ಅವನಿಗೆ ಹುರುಪು ತುಂಬಲೆಂದು, "ರೈಟ್! ಹೋಗ್ಲಿ, ಹೋಗ್ಲಿ!" ಎಂದು ಕೂಗಿದಳು. ಬಸ್ಸಿನ ಬಾಗಿಲಿನಿಂದ ದಿನಕ್ಕೆ ಸಾವಿರ ಸಲ ಕೇಳುವ ಮಾತು. ಪಾಪ, ಆ ತೋಳುಗಳೇನು ಮಾಡಿಯಾವು? ಕೇಳಿದ್ದೇ ತಡ ಮೂತಿಯನ್ನು ಪೂರ್ತಿ ಆಚೆಗೆ ಒಯ್ದವು. ಸ್ಕೂಟರು ಬಿಳಿ ಗೆರೆ ಬಿಟ್ಟು, ಛತ್ರಿಯನ್ನು ಸುತ್ತಿ, ಸಾಹೇಬರನ್ನು ಸುತ್ತಿ, ಭವ್ಯವಾಗಿ ಬಂದು ನಿಂತಿತು.

ಪರದೆಯಕ್ಕ ಅವನ ಕಿವಿಗಳನ್ನೇ ನೋಡುತ್ತಿದ್ದಳು. ತಾನು ಪಾಸಾದ ಸಂತೋಷವೆಲ್ಲ ಆ ಕಿವಿಗಳ ಬಣ್ಣದ ಮೇಲೆ ನಿಂತಂತಿತ್ತು. ಅವು ಕೆಂಪಾದವು. ಆದರೆ ಈ ಸಲ ಕೆಂಪು ಅಲ್ಲಿಗೇ ನಿಲ್ಲದೆ ಕೆನ್ನೆಗಿಳಿದು, ಬಾಯಿಗೆ ಬಂದು, ದೊಡ್ಡ ನಗುವಾಗಿ ಒಡೆಯಿತು.

"ಸಾರ್, ಬಸ್ಸಿಗೆ ಅದು ಸರಿಯಾದ ತಿರುವು!"

"ಒಪ್ಪಿದೆ. ಬಸ್ಸು ತರಬೇಕಿತ್ತು, ಅಷ್ಟೆ" ಎಂದರು ಸಾಹೇಬರು. "ಇವರಿಗೆ ಕಲಿಸಿದ್ದು ನೀವೇ ತಾನೆ? ಇನ್ನು ನಿಮಗೆ ಇವರು ಕಲಿಸ್ಲಿ."

ಮನೆಗೆ ಅವಳೇ ಓಡಿಸಿಕೊಂಡು ಬಂದಳು, ಹಿಂದಿನ ಸೀಟಿನಲ್ಲಿ ಅವನು. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬಾಗಿಲಲ್ಲಿ ಅತ್ತೆ, "ಏನಾಯ್ತ್ರೋ?" ಎಂದರು. ಅವನು ತಾನೇ ಮುಂದಾಗಿ ಎಲ್ಲವನ್ನೂ ಅಭಿನಯಿಸಿ ತೋರಿಸಿದ. ಛತ್ರಿಯಾದವಳು ಮಗಳು. ಮಾರನೆಯ ದಿನ ಡಿಪೋದಲ್ಲಿ ಯಾರೂ ಕೇಳುವ ಮೊದಲೇ ಅದನ್ನೇ ಹೇಳಿದ. ಹೇಳಿದಷ್ಟೂ ಸುತ್ತು ದೊಡ್ಡದಾಗುತ್ತಾ ಹೋಯಿತು.

ಈಗ ಪರದೆಯಕ್ಕ ಅಳತೆಗೆ ಸ್ಕೂಟರಿನಲ್ಲೇ ಹೋಗುತ್ತಾಳೆ. ಸುರುಳಿಗಳನ್ನು ಉದ್ದಕ್ಕೆ ಕಟ್ಟಿಕೊಳ್ಳಲು ಬಟ್ಟೆಯದೇ ಒಂದು ಚೀಲ ಹೊಲಿದುಕೊಂಡಿದ್ದಾಳೆ. ಮೊನ್ನೆ ಬೆಳಿಗ್ಗೆ ಆಸ್ಪತ್ರೆಯ ಮುಂದಿನ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಲು ನಿಂತಿದ್ದಳು. ಎದುರಿನಿಂದ ಬಂದ ಬಸ್ಸು ಅವಳ ಮುಂದೆಯೇ ಹಾದು ಹೋಗಬೇಕಿತ್ತು. ಅದು ಹೋಗಲಿಲ್ಲ. ಮೆದುವಾಗಿ, ಯಾರಿಗೂ ಗೊತ್ತಾಗದಂತೆ ನಿಂತಿತು. ಮೇಲಿನ ಕಿಟಕಿಯಿಂದ ಒಂದು ಪರಿಚಿತ ಕೈ ಹೊರಬಂದು, ಹೋಗು ಎಂದು ಸನ್ನೆ ಮಾಡಿತು.

ಬಸ್ಸಿನೊಳಗೆ ಗೊಣಗಾಟ ಶುರುವಾಯಿತು. "ಯಾಕ್ರೀ ನಿಲ್ಲಿಸಿದ್ರಿ? ಹೊತ್ತಾಯ್ತು, ನಡೀರಿ."

"ಒಂದ್ನಿಮಿಷ ತಡೀರಿ" ಎಂದು ಅವಳಿಗೂ ಬೀದಿಗೂ ಕೇಳಿಸುವಷ್ಟು ಗಟ್ಟಿಯಾಗಿ ಡ್ರೈವರು ಹೇಳಿದ. "ನಮ್ಮ ಟೀಚರ್ ತಿರುಗ್ತಿದಾರೆ. ನಾನು ನೋಡಿ ಕಲ್ಕೋಬೇಕು."

ಕಿಟಕಿ ಕಿಟಕಿಯಲ್ಲೂ ಒಂದೊಂದು ಮುಖ ಮೂಡಿತು. ಬರಲಿ ಸಂಜೆ ಮನೆಗೆ, ಇವರಿಗಿದೆ, ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ, ಇಡೀ ಬಸ್ಸು ನೋಡುತ್ತಿರುವಾಗಲೇ, ಬೀದಿಯ ನಡುವೆ ಒಂದು ಸಣ್ಣ, ಚೊಕ್ಕ ತಿರುವು ತೆಗೆದುಕೊಂಡು ಹೊರಟುಹೋದಳು.